ಮೂರನೇ ಪೊದೆಯ ಚಿರತೆ

ಸಕಲೇಶಪುರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬರುವ ಗಿರಾಕಿಗಳಲ್ಲಿ ಅರ್ಧ ಜನ "ನಾವೇನೂ ಮುಟ್ಟಿಲ್ಲ, ತಾನಾಗೇ ಕೆಟ್ಟೋಯ್ತು" ಎನ್ನುತ್ತಾರೆ. ಉಳಿದವರು ನನ್ನ ಹಿಂದೆ ಯಾರಾದರೂ ಗಂಡಸು ಇದ್ದಾನೋ ಎಂದು ಇಣುಕಿ "ರಿಪೇರಿ ಮಾಡೋರು ಇಲ್ವಾ?" ಎಂದು ಕೇಳುತ್ತಾರೆ. ಎರಡು ಮಾತಿಗೂ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಯೋಗಾನಂದ ಫೋನ್ ಮಾಡಿದಾಗ ಇವೆರಡನ್ನೂ ಹೇಳಲಿಲ್ಲ.

"ಕ್ಯಾರೋಲಿನ್ ಮೇಡಮ್ಮಾ? ನಾನು ಹೆತ್ತೂರು ಕಡೆ ಒಂದು ಎಸ್ಟೇಟಲ್ಲಿ ರೈಟರ್ ಆಗಿದೀನಿ, ಲೆಕ್ಕ ಬರೆಯೋ ಕೆಲಸ. ಒಂದು ಕೆಲಸ ಐತೆ. ನೀವೇ ಬರ್ಬೇಕು, ನಂಗೆ ಅಂಗಡಿಗೆ ಬರಕ್ಕೆ ಭಯ."

"ಯಾಕೆ ಮಾರಾಯ್ರೇ, ನಾನೇನು ಕಚ್ತೇನಾ?"

"ನಿಮ್ಮ ಭಯ ಅಲ್ಲ ಮೇಡಂ. ಹೊರಗಿನ ಭಯ" ಎಂದ. ಹವಾಮಾನದ ವರದಿ ಓದುವವರ ಹಾಗೆ, ಸಂಕೋಚವೇ ಇಲ್ಲದೆ.

ಹೊರಗಿನ ಭಯ ಎಂದರೆ ಏನು ಎಂದು ನಮ್ಮ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ. ಆನೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಮೊಬೈಲಿನಲ್ಲಿ ಯಾವ ತೋಟದಲ್ಲಿ ಯಾವ ಆನೆ ಇದೆ ಎಂದು ನೋಡುವ ಊರು ನಮ್ಮದು. ಎದುರಿನಿಂದ ಬರುವ ಜೀಪಿನವನು ಕೈ ಹೊರಗೆ ಹಾಕಿ ಅಂಗೈ ಕೆಳಗೆ ಮಾಡಿ ಒತ್ತಿದರೆ ನಾವು ಗಾಡಿ ಆಫ್ ಮಾಡಿ ಸುಮ್ಮನೆ ಕೂರುತ್ತೇವೆ, ಯಾಕೆಂದು ಕೇಳುವುದಿಲ್ಲ. ನಾನು ಧೈರ್ಯಸ್ಥೆಯಲ್ಲ. ತೋಟಗಳಿಗೆ ಸಿಸಿಟಿವಿ ಹಾಕಲು ಹೋಗುವಾಗ ಓಮ್ನಿಯ ಕಿಟಕಿ ಪೂರ್ತಿ ಏರಿಸಿ, ಬೆವರುತ್ತಾ, ಮಾತೆ ಮರಿಯಮ್ಮನನ್ನು ಕರೆಯುತ್ತಾ ಹೋಗುವವಳು. ಆದರೂ ಹೋದೆ.

ರೈಟರ್ ಮನೆ ತೋಟದೊಳಗೆ ಒಂದು ದಿಣ್ಣೆಯ ಮೇಲಿತ್ತು. ಕೆಳಗೆ ಕೂಲಿಯವರ ಲೈನ್ ಮನೆಗಳ ಸಾಲು. ರಸ್ತೆಯ ಪಕ್ಕದ ಗೇಟಿನಿಂದ ಮನೆಗೆ ಎರಡು ದಾರಿ. ಒಂದು ಜೀಪ್ ಬರುವ ಮೇಲಿನ ದಾರಿ, ಲೈನನ್ನು ದಾಟಿ ನೇರ ದಿಣ್ಣೆಗೆ ಏರುವುದು. ಇನ್ನೊಂದು ಕೆಳಗಿನ ಕಾಲುದಾರಿ, ರೋಬಸ್ಟಾ ಕಾಫಿ ಗಿಡಗಳ ನಡುವೆ ಇಳಿದು ಕೆರೆ ಏರಿಯ ಮೇಲೆ ಸುತ್ತಿ ಮನೆಯ ಹಿಂದೆ ಹತ್ತುವುದು. ಇದನ್ನು ಈಗಲೇ ಹೇಳಿಟ್ಟಿದ್ದೇನೆ, ಮುಂದೆ ಬೇಕಾಗುತ್ತದೆ.

ಯೋಗಾನಂದ ನಲವತ್ತು ದಾಟಿದ, ಒಳ್ಳೆಯ ಮೈಕಟ್ಟಿನ ಆಳು. ಹೊಸ್ತಿಲ ಒಳಗೆ ನಿಂತೇ ನನ್ನನ್ನು ಬರಮಾಡಿಕೊಂಡ. ಅವನ ಕೈಯಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಕ್ಯಾಸೆಟ್ ಇತ್ತು. ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸುತ್ತಿದ್ದ ವಿಡಿಯೋ ಗೇಮಿನದು, ಊದಿ ಊದಿ ಹಾಕುತ್ತಿದ್ದೆವಲ್ಲ, ಅದು. ಆಟದ ಪೆಟ್ಟಿಗೆ ಸತ್ತು ಹೋಗಿತ್ತು. ಎಸ್ಟೇಟ್ ಆಫೀಸಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ ಸಾವ್ಕಾರ್ರು ಹಳೆಯದನ್ನು ಇವನಿಗೆ ಕೊಟ್ಟಿದ್ದರು.

"ಈ ಆಟ ಇದ್ರಲ್ಲಿ ಬರ್ಬೇಕು ಮೇಡಂ. ಬೇರೆ ಆಟ ಬೇಡ. ಇದೇ."

"ಯೋಗಣ್ಣ, ಈಗಿನ ಆಟ ನೋಡಿದ್ದೀರಾ? ಬೆವರು ಹನಿ ಸಮೇತ ಕಾಣ್ತದೆ" ಎಂದೆ. ಆಗಲೇ ನನ್ನ ಬಾಯಿಗೆ ಅವನು ಯೋಗಣ್ಣನಾಗಿದ್ದ.

ಅವನು ತಲೆಯಾಡಿಸಿದ. "ಇದ್ರಲ್ಲಿ ಒಬ್ಬ ಕಾಡಲ್ಲಿ ಓಡ್ತಾನೆ. ಮೂರನೇ ಪೊದೇಲಿ ಚಿರತೆ ಐತೆ. ಯಾವಾಗ್ಲೂ ಮೂರನೇ ಪೊದೇಲೇ. ಆಲೂರು ಬಸ್ ಸ್ಟ್ಯಾಂಡ್ ಹತ್ರ ಒಂದು ಅಂಗಡೀಲಿ ಆಡ್ತಿದ್ದೆ, ಅವಾಗ್ಲೂ ಅಲ್ಲೇ ಇತ್ತು. ಈಗ್ಲೂ ಅಲ್ಲೇ ಇರುತ್ತೆ. ಅಷ್ಟು ಸಾಕು ನಂಗೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆಲ್ಲ ನಾನು ನಗುತ್ತೇನೆ, ಆಗಲೂ ನಕ್ಕೆ.

ಕೆಲಸ ಕಷ್ಟದ್ದೇನಲ್ಲ. ಕಂಪ್ಯೂಟರನ್ನು ಹಳೇ ಆಟದ ಪೆಟ್ಟಿಗೆಯ ವೇಷ ಹಾಕಿಸಿ ಕೂರಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಕ್ಯಾಸೆಟ್ಟಿನ ಒಳಗಿದ್ದದ್ದನ್ನು ಓದುವ ಒಂದು ಪುಟ್ಟ ಬೋರ್ಡನ್ನು ಹಿಂದೆ ಬೇರೊಬ್ಬ ಗಿರಾಕಿಗೆಂದು ಮಂಗಳೂರಿನ ಗೆಳತಿ ಜೋವಿಟಾಳಿಂದ ತರಿಸಿದ್ದೆ, ಅದು ಓಮ್ನಿಯಲ್ಲೇ ಇತ್ತು. ಆಟ ಕಂಪ್ಯೂಟರಿಗೆ ಇಳಿಯಿತು. ಎರಡು ಗುಂಡಿಯ ಹೊಸ ಹಿಡಿಕೆಯೊಂದನ್ನು ಸಿಕ್ಕಿಸಿ ಅವನ ಕೈಗೆ ಕೊಟ್ಟೆ. ಪರದೆಯ ಮೇಲೆ ಕೆಂಪು ಪಟ್ಟಿ ಕಟ್ಟಿದ ಕುಳ್ಳನೊಬ್ಬ ಓಡತೊಡಗಿದ. ಒಂದನೇ ಪೊದೆ, ಎರಡನೇ ಪೊದೆ. ಅಷ್ಟರಲ್ಲಿ ಚಿತ್ರ ಒಂದು ಕ್ಷಣ ತಡೆಯಿತು, ತೊದಲಿತು, ಮತ್ತೆ ಮುಂದೆ ಹೋಗುವಷ್ಟರಲ್ಲಿ ಚಿರತೆ ಕುಳ್ಳನ ಮೇಲಿತ್ತು.

ಆಟದಲ್ಲಿ ಸತ್ತರೆ ಜನ "ಥೂ" ಎನ್ನುತ್ತಾರೆ. ಯೋಗಣ್ಣ ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತ. ಮುಖದಲ್ಲಿ ನೆತ್ತರಿರಲಿಲ್ಲ.

"ಒತ್ತಿದೆ ಮೇಡಂ. ನಾನು ಒತ್ತಿದ್ದೆ. ಅದು ಕೇಳ್ಲಿಲ್ಲ" ಎಂದ, ಎರಡೆರಡು ಸಲ. ಆಮೇಲೆ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವನ ಹೆಂಡತಿ ಚೈತ್ರಶ್ರೀ ನನ್ನನ್ನು ಅಡುಗೆಮನೆಗೆ ಕರೆದು ಕಾಫಿ ಕೊಟ್ಟಳು. ಅವಳಿಂದ ಕಥೆ ತಿಳಿಯಿತು.

ಹಣ್ಣು ಕೀಳುವ ಕಾಲದಲ್ಲಿ ಹೆಂಗಸರು ತೋಟದೊಳಗೆ ಇಳಿಯುವ ಮುಂಚೆ ಒಬ್ಬ ಮುಂದೆ ಹೋಗಬೇಕು. ಲದ್ದಿ ಬಿಸಿ ಇದೆಯೋ, ಆನೆ ಸೀಳಿ ತಿನ್ನುವ ಬೈನೆ ಮರ ಮುರಿದಿದೆಯೋ ನೋಡಬೇಕು. ಪಟಾಕಿ ಹೊಡೆದು ಕಾಯಬೇಕು. ಏನೂ ಇಲ್ಲವೆಂದು ಖಾತ್ರಿಯಾದರೆ ಉದ್ದಕ್ಕೆ ಒಂದು ಕೂಗು ಹಾಕಬೇಕು, ಅಂದರೆ ಬನ್ನಿ ಎಂದು. ಎರಡು ಗಿಡ್ಡ ಕೂಗು ಹಾಕಿದರೆ ಇದ್ದಲ್ಲೇ ನಿಲ್ಲಿ ಎಂದು. ಆ ಎಸ್ಟೇಟಿನಲ್ಲಿ ಈ ಕೆಲಸ ಯೋಗಣ್ಣನದು, ಈ ಕಟ್ಟಳೆಗಳನ್ನು ಎಲ್ಲರಿಗೂ ಕಲಿಸಿದ್ದೂ ಅವನೇ. ಲೈನಿನ ಮಕ್ಕಳಿಗೂ ಬಾಯಿಪಾಠ ಮಾಡಿಸಿದ್ದ. ಯಾರಿಗೆ ಆನೆ ಕಂಡರೂ ನಿಲ್ಲಿಸದೆ ಪಟಾಕಿ ಹೊಡೆಯಬೇಕು, ಸದ್ದು ಬಂದ ಕಡೆಗೆ ಉಳಿದವರು ಹೋಗಬಾರದು, ಇನ್ನೊಂದು ದಾರಿ ಹಿಡಿಯಬೇಕು.

ಹೋದ ವರ್ಷ ಮಂಜು ಕವಿದ ಒಂದು ಬೆಳಿಗ್ಗೆ ಅವನು ನೋಡಿ, ಪಟಾಕಿ ಹೊಡೆದು, ಕಾದು, ಉದ್ದಕ್ಕೆ ಕೂಗಿದ. ಹೆಂಗಸರು ಇಳಿದರು. ಸಿಲ್ವರ್ ಮರಗಳ ನಡುವೆ ಆನೆ ಅಲ್ಲಾಡದೆ ನಿಂತಿತ್ತು. ಅದು ಹೊರಗೆ ಬಂದಾಗ ಎಲ್ಲರಿಗಿಂತ ಮೊದಲು ಕಂಡವನೂ ಇವನೇ. ಎರಡು ಗಿಡ್ಡ ಕೂಗು ಹಾಕಬೇಕಿತ್ತು. ಬಾಯಿ ತೆರೆದನಂತೆ, ಸದ್ದು ಬರಲಿಲ್ಲವಂತೆ, ಕಾಲೂ ಏಳಲಿಲ್ಲವಂತೆ. ಮಾದಮ್ಮ ಎನ್ನುವ ಹೆಂಗಸನ್ನು ಆನೆ ಸೊಂಡಿಲಿನಿಂದ ತಳ್ಳಿತು. ಅವಳು ತೊಟ್ಟಿಲು ಗುಂಡಿಗೆ, ಅಂದರೆ ನೀರಿಂಗಲು ಗಿಡಗಳ ನಡುವೆ ತೋಡಿರುತ್ತಾರಲ್ಲ ಆ ಗುಂಡಿಗೆ ಬಿದ್ದು ಜೀವ ಉಳಿಸಿಕೊಂಡಳು. ಸೊಂಟ ಮಾತ್ರ ಮುರಿಯಿತು.

"ಅವತ್ತಿಂದ ಅಂಗಳ ದಾಟಿಲ್ಲ ಅಕ್ಕ" ಎಂದಳು ಚೈತ್ರ. "ಸ್ಟೋರ್ ಕೆಲಸಾನೂ ಇಲ್ಲೇ ಕೂತು ಫೋನಲ್ಲಿ ಮಾಡ್ತಾರೆ. ಮಗೀನ ಸ್ಕೂಲ್ ಬಸ್ಸಿಗೆ ಬಿಡೋದು, ಕರ್ಕೊಂಬರೋದು ಎಲ್ಲಾ ನಾನೇ. ನಂಗೆ ಭಯ ಇಲ್ವಾ? ಗೇಟಿಂದ ಇಲ್ಲಿಗೆ ಬರೋ ತಂಕ ನನ್ ಜೀವ ಕೈಲಿರುತ್ತೆ. ಈ ವರ್ಷ ಪರೀಕ್ಷೆ ಮುಗೀಲಿ, ಬಿಂದೂನ ಕರ್ಕೊಂಡು ಆಲೂರಲ್ಲಿ ನಮ್ಮಮ್ಮನ ಮನೇಗೆ ಹೋಗ್ಬುಡ್ತೀನಿ. ಅವ್ರಿಗೂ ಹೇಳಿದೀನಿ. ಒಂದು ದಿನ, ಒಂದೇ ದಿನ ಗೇಟ್ ತಂಕ ಬಂದು ಮಗೀನ ಕರ್ಕೊಂಬರ್ಲಿ, ನಾನು ಎಲ್ಲಿಗೂ ಹೋಗಲ್ಲ."

ಬಿಂದುಶ್ರೀ ನಾಲ್ಕನೇ ಕ್ಲಾಸು. ಅಡುಗೆಮನೆ ಬಾಗಿಲಲ್ಲೇ ನಿಂತು ಬೆಲ್ಲ ತಿನ್ನುತ್ತಿದ್ದಳು. "ನಾನು ದಿನಾ ಕೇಳ್ತೀನಿ ಆಂಟಿ, ಅಪ್ಪ ನೀನು ಬಾ ಅಂತ. ನಾಳೆ ಅಂತಾರೆ" ಎಂದಳು. ದೂರಿನ ದನಿಯಲ್ಲ, ಸುಮ್ಮನೆ ತಿಳಿಸುವ ದನಿ. ಕಾಫಿ ಬಿಸಿ ಎಂದು ನೆಪ ಹೇಳಿ ಲೋಟ ಊದುತ್ತಾ ಮುಖ ತಗ್ಗಿಸಿದೆ.

ಅಂಗಡಿಗೆ ವಾಪಸಾಗುವಾಗ ದಾರಿಯುದ್ದಕ್ಕೂ ಅವನ ಮೂರನೇ ಪೊದೆಯೇ ತಲೆಯಲ್ಲಿತ್ತು. ನಿಜವಾದ ತೋಟದಲ್ಲಿ ಎಲ್ಲ ಪೊದೆಯೂ ಮೂರನೇ ಪೊದೆಯೇ. ಭಯ ಎಲ್ಲಿಂದ ಬರುತ್ತದೆ ಎಂದು ಮೊದಲೇ ಗೊತ್ತಿರುವ ಒಂದೇ ಒಂದು ಕಾಡು ಅವನಿಗೆ ಆ ಹಳದಿ ಕ್ಯಾಸೆಟ್ಟಿನಲ್ಲಿತ್ತು. ಅಲ್ಲಿ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿದರೆ ಕುಳ್ಳ ಹಾರುತ್ತಾನೆ, ಚಿರತೆ ಕೆಳಗೆ ಹಾದು ಹೋಗುತ್ತದೆ. ಆ ಜಾಗದಲ್ಲೇ ನನ್ನ ಕಂಪ್ಯೂಟರ್ ತೊದಲಿದರೆ? ನಾನು ನಕ್ಕದ್ದಕ್ಕೆ ನನಗೇ ಬೈದುಕೊಂಡೆ.

ಮತ್ತೆ ಹೋದದ್ದು ಮುಂದಿನ ವಾರ. ಈ ಸಲ ಓಮ್ನಿಯಲ್ಲಿ ಅಂಗಡಿಯ ದೊಡ್ಡ ಸ್ಪೀಕರ್ ಜೋಡಿಯನ್ನೂ ಹಾಕಿಕೊಂಡೆ. ಯೋಗಣ್ಣ ಫೋನಿನಲ್ಲಿ ಕೇಳಿದ್ದ. ಪೊದೆಯಿಂದ ಚಿರತೆ ಹಾರುವ ಮುಂಚೆ ಸರಕ್ ಎಂದು ಒಂದು ಸಣ್ಣ ಸದ್ದು ಬರುತ್ತದಂತೆ, ಅವನು ಕಣ್ಣಿನಿಂದಲ್ಲ, ಆ ಸದ್ದಿನಿಂದ ಆಡುತ್ತಿದ್ದನಂತೆ.

ಮಧ್ಯಾಹ್ನ ಊಟವಾದ ಮೇಲೆ ಕೆಲಸಕ್ಕೆ ಕೂತೆ. ಅವನು ಪಕ್ಕದಲ್ಲೇ ಕೂತಿದ್ದ, ಆದರೆ ಕಿವಿ ಕಿಟಕಿಯ ಆಚೆ ಇತ್ತು.

"ಕೆರೆ ಕಡೆ ಬೈನೆ ಸೀಳ್ತಾ ಐತೆ ಮೇಡಂ. ಬೆಳಿಗ್ಗೆಯಿಂದ."

ನಾನೂ ಕಿವಿಗೊಟ್ಟೆ. ಜೀರುಂಡೆ ಬಿಟ್ಟರೆ ಏನೂ ಇಲ್ಲ. ಮೊಬೈಲ್ ಗುಂಪಿನಲ್ಲಿಯೂ ಆ ಕಡೆ ಆನೆಯ ಸುದ್ದಿ ಇರಲಿಲ್ಲ. ಚೈತ್ರ ಒಳಗಿನಿಂದಲೇ ಹೇಳಿದಳು, "ಅವ್ರಿಗೆ ದಿನಾ ಕೇಳುತ್ತೆ ಅಕ್ಕ. ನೆನ್ನೆ ಗ್ರೈಂಡರ್ ಸದ್ದಿಗೂ ಎದ್ದು ಕೂತ್ರು." ಸ್ವಲ್ಪ ಹೊತ್ತಿಗೆ ಅವಳು ಬಿಂದುವನ್ನು ಕರೆತರಲು ಗೇಟಿಗೆ ಹೊರಟಳು. ಅವಳು ಮೇಲಿನ ದಾರಿಯಲ್ಲಿ ಇಳಿದು ಮರೆಯಾಗುವ ತನಕ ಯೋಗಣ್ಣ ಕಿಟಕಿಯಲ್ಲಿ ನಿಂತಿದ್ದ.

ತೊದಲಿಗೆ ಕಾರಣ ಸಿಕ್ಕಿತ್ತು. ಆಫೀಸಿನಲ್ಲಿದ್ದಾಗ ಕರೆಂಟ್ ಉಳಿಸಲೆಂದು ಯಾರೋ ಕಂಪ್ಯೂಟರನ್ನು ನಿಧಾನದ ಸೆಟ್ಟಿಂಗಿನಲ್ಲಿ ಇಟ್ಟುಬಿಟ್ಟಿದ್ದರು, ಅದರ ಮೇಲೆ ಹಿಂದಿನಿಂದ ಕದ್ದು ಓಡುವ ಹತ್ತಾರು ಪ್ರೋಗ್ರಾಮು. ಎಲ್ಲವನ್ನೂ ಕಿತ್ತುಹಾಕಿದೆ. ಪರದೆ ಬದಲಾಗುವ ವೇಗಕ್ಕೆ ಆಟದ ವೇಗವನ್ನು ಜೋಡಿಸಿದೆ. ಚಿತ್ರ ಈಗ ಎಣ್ಣೆ ಸುರಿದ ಹಾಗೆ ಹರಿಯುತ್ತಿತ್ತು. ಯೋಗಣ್ಣ ಆಡಿದ, ಸತ್ತ.

"ಇವ್ನು ಬಾಳ ಜೋರಾಗಿ ಓಡ್ತಾನೆ ಮೇಡಂ. ಅವಾಗ ಇಷ್ಟು ಓಡ್ತಿರ್ಲಿಲ್ಲ."

"ನಿಮಗೆ ವಯಸ್ಸಾಯ್ತು ಯೋಗಣ್ಣ" ಎಂದು ರೇಗಿಸಿದೆ. ಆಮೇಲೆ ಹೊಳೆಯಿತು. ನಮ್ಮ ದೇಶದ ಹಳೇ ಟಿವಿಗಳಿಗೆಂದು ಬರುತ್ತಿದ್ದ ಪೆಟ್ಟಿಗೆಗಳು ಆಟವನ್ನು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡಿಸುತ್ತಿದ್ದವು, ನಾನು ಬೇರೆ ದೇಶದ ವೇಗ ಇಟ್ಟಿದ್ದೆ. ಬದಲಿಸಿದೆ. ಹಾಡು ಸ್ವಲ್ಪ ಎಳೆದ ಹಾಗಾಯಿತು. ಆ ಹಾಡು ಕೇಳುತ್ತಲೇ ಅವನ ಹೆಗಲು ಕೆಳಗಿಳಿದದ್ದನ್ನು ಕಂಡೆ. ಮೊದಲ ಸಲ ಅವನ ಹಲ್ಲು ಕಾಣಿಸಿತು.

ಉಳಿದದ್ದು ಒಂದೇ. ಸರಕ್ ಎನ್ನುವ ಸದ್ದು ಚಿರತೆ ಹಾರಿದ ಮೇಲೆ ಬರುತ್ತಿತ್ತು. ಶಬ್ದವನ್ನು ಕಂಪ್ಯೂಟರ್ ಸ್ವಲ್ಪ ಕೂಡಿಟ್ಟುಕೊಂಡು ಆಮೇಲೆ ಹೊರಗೆ ಬಿಡುತ್ತದೆ, ಅದಕ್ಕೆ ತಡ. ಕೂಡಿಡುವುದನ್ನು ಕಡಿಮೆ ಮಾಡಿದೆ. ಇನ್ನೂ ತಡವೆಂದ. ಇನ್ನೂ ಕಡಿಮೆ ಮಾಡಿದೆ. "ಜೋರು ಮಾಡಿ, ಸರಿಯಾಗಿ ಕೇಳ್ಬೇಕು" ಎಂದ. ಸ್ಪೀಕರಿನ ತಿರುಪನ್ನು ಕೊನೆಯ ತನಕ ತಿರುಗಿಸಿದೆ. ಆಟ ಶುರುವಾದದ್ದೇ ತಡ, ಆ ಮುದಿ ಕಂಪ್ಯೂಟರಿಗೆ ಆ ವೇಗಕ್ಕೆ ಶಬ್ದ ಪೂರೈಸಲಾಗದೆ ಸ್ಪೀಕರ್ ಸಿಡಿಯತೊಡಗಿತು. ಪಟ್, ಪಟ್ ಪಟ್, ಪಟಾರ್. ನಾನು ಕಿವಿ ಮುಚ್ಚಿಕೊಂಡೆ. ಯೋಗಣ್ಣ ಅಷ್ಟರ ನಡುವೆಯೂ ಕಣ್ಣು ಪರದೆಯಿಂದ ತೆಗೆಯದೆ ಗುಂಡಿ ಒತ್ತಿದ. ಕುಳ್ಳ ಹಾರಿದ. ಚಿರತೆ ಕೆಳಗೆ ಹಾದು ಹೋಯಿತು.

"ಹೋಯ್ತು ಮೇಡಂ! ಹೋಗ್ಬುಡ್ತು!"

ನಾವಿಬ್ಬರೂ ಚಪ್ಪಾಳೆ ಹೊಡೆದು ನಕ್ಕೆವು. ನಾನು ಸ್ಪೀಕರ್ ಆರಿಸಿದೆ. ಆಗ ಕೆಳಗಿನ ಲೈನಿನಿಂದ ಹೆಂಗಸಿನ ಕೂಗು ಕೇಳಿಸಿತು.

"ರೈಟ್ರೇ! ಓ ರೈಟ್ರೇ! ಎಲ್ಲೈತೆ ಆನೆ?"

ಕೋಲೂರಿಕೊಂಡು ಲೈನಿನ ಮುಂದೆ ನಿಂತಿದ್ದಳು ಮಾದಮ್ಮ. ಹಿಂದಿನ ಮನೆಗಳ ಬಾಗಿಲೆಲ್ಲ ಮುಚ್ಚಿದ್ದವು. ಯೋಗಣ್ಣ ಕಿಟಕಿಯಿಂದ ಇಲ್ಲವೆಂದು ಕೈ ಆಡಿಸಿದ. ಮಾದಮ್ಮ ಮತ್ತೆ ಕೂಗಿದಳು.

"ಅಷ್ಟೊಂದು ಪಟಾಕಿ ಹೊಡೆದ್ರಲ್ಲ, ಮನೆ ತಾವ ಬಂದೈತಾ? ಚೈತ್ರ, ಮಗು ಇಬ್ರೂ ಗೇಟ್ ತಂಕ ಬಂದಿದ್ರು. ಸದ್ದು ಕೇಳಿ ಕೆಳಗಿನ ದಾರಿ ಹಿಡಿದ್ರು. ಸದ್ಯ, ಮಗೂನೂ ನೀವು ಹೇಳ್ಕೊಟ್ಟಂಗೇ ಮಾಡ್ತು ಬುಡಿ!"

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಯೋಗಣ್ಣನಿಗೆ ಹಿಡಿಯಲಿಲ್ಲ. ಅವನು ಕಲಿಸಿದ್ದನ್ನೇ ಅವರು ಮಾಡಿದ್ದರು. ಪಟಾಕಿಯ ಸದ್ದು ಬಂದ ಮೇಲಿನ ದಾರಿ ಬಿಟ್ಟು, ಬೆಳಿಗ್ಗೆಯಿಂದ ಬೈನೆ ಸೀಳುತ್ತಿರುವ ಕೆರೆಯ ಕಡೆಗೆ ನಡೆದಿದ್ದರು.

ಚೈತ್ರಳ ಫೋನಿಗೆ ಹಚ್ಚಿದೆ. ಸಿಗ್ನಲ್ ಇಲ್ಲ. ಬಾಗಿಲಿಗೆ ಓಡಿ "ಚೈತ್ರಾ!" ಎಂದು ಕಿರುಚಲು ಬಾಯಿ ತೆಗೆದೆ. ಯೋಗಣ್ಣ ಹಿಂದಿನಿಂದ ಬಂದು ನನ್ನ ಬಾಯಿಯನ್ನೇ ಮುಚ್ಚಿದ.

"ಕೂಗ್ಬೇಡಿ. ಇಲ್ಲಿಂದ ಕೂಗಿದ್ರೆ ಅದು ಆ ಕಡೆ ಓಡುತ್ತೆ. ಅವ್ರ ಮೇಲೇ ಹೋಗುತ್ತೆ." ಅವನ ಅಂಗೈ ನನ್ನ ತುಟಿಯ ಮೇಲೆ ಗಡಗಡ ನಡುಗುತ್ತಿತ್ತು. "ಆ ಕಡೆಯಿಂದ ಕೂಗ್ಬೇಕು. ಏರಿ ಮೇಲೆ ನಿಂತ್ಕಂಡು. ಅವಾಗ ಈ ಕಡೆ ತಿರುಗುತ್ತೆ."

"ಅಲ್ಲಿಗೆ ಯಾರು ಹೋಗೋದು?" ಎಂದೆ. ಕೇಳಬಾರದಿತ್ತು.

ಅವನು ಹೊಸ್ತಿಲಲ್ಲಿ ನಿಂತ. ಒಂದು ಕಾಲು ಹೊರಗಿಟ್ಟ, ವಾಪಸ್ ತೆಗೆದ. ಮತ್ತೆ ಇಟ್ಟ. ಬಾಗಿಲ ಚೌಕಟ್ಟನ್ನು ಹಿಡಿದ ಬೆರಳುಗಳು ಬಿಳಿಚಿದ್ದವು. ಒಬ್ಬ ಮನುಷ್ಯ ತನ್ನದೇ ಕೈಯನ್ನು ಇನ್ನೊಂದು ಕೈಯಿಂದ ಬಿಡಿಸಿಕೊಳ್ಳುವುದನ್ನು ನಾನು ಅವತ್ತು ಕಣ್ಣಾರೆ ನೋಡಿದೆ. ಬಿಡಿಸಿಕೊಂಡವನೇ ಚಪ್ಪಲಿಯೂ ಇಲ್ಲದೆ ಹಿತ್ತಲಿನ ಕಡೆಗೆ ಇಳಿದುಬಿಟ್ಟ.

ನಾನೂ ಹಿಂದೆ ಹೋದೆ. ಧೈರ್ಯಕ್ಕಲ್ಲ. ಆ ಮನೆಯಲ್ಲಿ ಒಬ್ಬಳೇ ನಿಂತು ಕಾಯುವುದು ಅದಕ್ಕಿಂತ ಭಯವಾಗಿತ್ತು.

ರೋಬಸ್ಟಾ ಗಿಡಗಳು ತಲೆಗಿಂತ ಎತ್ತರ. ಎರಡು ಗಿಡದ ಆಚೆ ಏನಿದೆ ಎಂದು ಕಾಣುವುದಿಲ್ಲ. ಯೋಗಣ್ಣ ಕಾಲುದಾರಿ ಬಿಟ್ಟು ಸಾಲುಗಳ ನಡುವೆ ಬಗ್ಗಿ ನಡೆಯುತ್ತಿದ್ದ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೇಳುತ್ತಿದ್ದ. ಅವನು ನಿಂತಾಗಲೆಲ್ಲ ಅವನ ಉಸಿರು ಏದುಸಿರಾಗಿ ನನಗೆ ಕೇಳುತ್ತಿತ್ತು. ನನ್ನದು ಅವನಿಗೆ ಕೇಳುತ್ತಿದ್ದಿರಬೇಕು. ಒಣ ಎಲೆಯ ಮೇಲೆ ನನ್ನ ಚಪ್ಪಲಿ ಸದ್ದು ಮಾಡಿತು. ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಜೀರುಂಡೆಗಳು ಯಾವಾಗ ನಿಂತವೋ ಗೊತ್ತಿಲ್ಲ, ಆದರೆ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಆಮೇಲೆ ನನಗೂ ಕೇಳಿಸಿತು. ಬೈನೆ ಸೀಳುವ ಸದ್ದು. ಹಸಿ ನಾರು ಎಳೆದು ಹರಿಯುವ, ನಿಧಾನದ ಸದ್ದು. ಬೆಳಿಗ್ಗೆಯಿಂದ ಅವನು ಹೇಳಿದ್ದು ಇದನ್ನೇ.

ಅವನು ನನ್ನ ಭುಜ ಹಿಡಿದು ಕೂರಿಸಿದ. ಬೆರಳು ತೋರಿಸಿದ. ನನಗೆ ಕೆಸರು ಮೆತ್ತಿದ ಬಂಡೆಯೊಂದು ಮಾತ್ರ ಕಂಡಿತು. ನೋಡುತ್ತಿದ್ದಂತೆ ಬಂಡೆಯ ಕಿವಿ ಅಲ್ಲಾಡಿತು.

ಅದರ ಆಚೆ ಕೆರೆ ಏರಿ. ಏರಿಯ ದೂರದ ತುದಿಯಲ್ಲಿ ನೀಲಿ ಯೂನಿಫಾರ್ಮು. ಬಿಂದು ಕೈ ಬೀಸುತ್ತಾ ಏನೋ ಹೇಳುತ್ತಾ ಬರುತ್ತಿದ್ದಳು. ಚೈತ್ರ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು, ಆದರೆ ಅವಳ ಕಣ್ಣೆಲ್ಲ ಮೇಲೆ ದಿಣ್ಣೆಯ ಕಡೆಗೇ ಇತ್ತು. ಆನೆ ಅಲ್ಲಿದೆ ಎಂದು ನಂಬಿದ್ದಳಲ್ಲ.

"ನೀವು ಈ ಮರ ಬಿಟ್ಟು ಅಲ್ಲಾಡ್ಬೇಡಿ" ಎಂದ ಯೋಗಣ್ಣ. ನಾನು ಅವನ ಅಂಗಿ ಹಿಡಿದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವನು ಹೋಗದೇ ಇರಲಿ, ನನ್ನನ್ನು ಒಬ್ಬಳೇ ಬಿಡದೇ ಇರಲಿ ಎಂದೇ ಹಿಡಿದುಕೊಂಡೆ. ಅವನು ಬೆರಳು ಬಿಡಿಸಿದ. ಆನೆಯನ್ನು ಬಳಸಿ, ಕೆಳಗಿನ ಸಾಲಿನಲ್ಲಿ ಅಂಬೆಗಾಲಿಡುತ್ತಾ ಹೋದ. ಅವನು ಕಾಣಿಸದೇ ಹೋದ ಆ ಹೊತ್ತು ಎಷ್ಟೆಂದು ಹೇಳಲಾರೆ. ನಾನು ಮರಕ್ಕೆ ಹಣೆ ಒತ್ತಿ ಪ್ರಾರ್ಥನೆ ಶುರುಮಾಡಿದೆ. ಮಗುವಾಗಿದ್ದಾಗಿನಿಂದ ದಿನಾ ಹೇಳುತ್ತಿದ್ದ ಪ್ರಾರ್ಥನೆ, ಎರಡನೇ ಸಾಲು ನೆನಪಾಗಲಿಲ್ಲ.

ತಲೆ ಎತ್ತಿದಾಗ ಅವನು ಏರಿಯ ಮೇಲೆ ಬಯಲಲ್ಲಿ ನಿಂತಿದ್ದ. ಹಿಂದೆ ಹೆಂಡತಿ, ಮಗಳು. ಮುಂದೆ ಆನೆ. ಬಾಯಿ ತೆರೆದ. ಸದ್ದಿಲ್ಲ. ಮತ್ತೆ ತೆರೆದ. ಆಗ ಬಂತು. ಒಡೆದ, ಕೀರಲು ದನಿ, ಗಂಡಸಿನದೋ ಹೆಂಗಸಿನದೋ ಗೊತ್ತಾಗದ ದನಿ. ಆದರೂ ಎರಡು ಗಿಡ್ಡ ಕೂಗು. ಹೋಯ್. ಹೋಯ್.

ಬಿಂದು ನಿಂತಲ್ಲೇ ನಿಂತಳು. ಚೈತ್ರಳಿಗಿಂತ ಮೊದಲು ಅವಳೇ ನಿಂತದ್ದು. ಅಮ್ಮನ ಸೆರಗು ಹಿಡಿದು ಎಳೆದು ನಿಲ್ಲಿಸಿದಳು.

ಆನೆ ಬೈನೆಯನ್ನು ಬಿಟ್ಟು ತಿರುಗಿತು. ಕಿವಿಗಳೆರಡೂ ಅಗಲವಾದವು. ಅವನ ಕಡೆಗೆ ಹೆಜ್ಜೆ ಹಾಕಿತು, ಮತ್ತೆ ಹೆಜ್ಜೆ ಹಾಕಿತು, ನಿಂತಿತು. ಯೋಗಣ್ಣ ಓಡಲಿಲ್ಲ. ಕೈ ಜೋಡಿಸಿದ. ಅವನು ಅಳುತ್ತಿದ್ದ, ಅಳುತ್ತಲೇ ಅದರ ಹತ್ತಿರ ಮಾತಾಡುತ್ತಿದ್ದ. ಆ ನಿಶ್ಶಬ್ದದಲ್ಲಿ ಒಂದೊಂದು ಮಾತೂ ನನಗೆ ಕೇಳಿಸಿತು.

"ಹೋಗಪ್ಪ. ಹೋಗಪ್ಪ ನನ್ನಪ್ಪ. ನಂಗೆ ಬಾಳ ಭಯ ಆಗ್ತಾ ಐತೆ. ನನ್ ಕೈಲಿ ನಿಂತ್ಕಳಕ್ಕಾಗ್ತಿಲ್ಲ. ಹೋಗು."

ಆನೆ ತಲೆ ಕೊಡವಿತು. ಬೆನ್ನಿನ ಮೇಲಿನ ಒಣ ಮಣ್ಣು ಉದುರಿತು. ಆಮೇಲೆ ಅದಕ್ಕೇನನ್ನಿಸಿತೋ, ಪಕ್ಕಕ್ಕೆ ತಿರುಗಿ ಕಾಫಿ ಗಿಡಗಳನ್ನು ಮುರಿಯುತ್ತಾ ಕೆಳಗಿನ ಹಳ್ಳದ ಕಡೆಗೆ ಇಳಿದು ಹೋಯಿತು. ಕೊಂಬೆ ಮುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಯೋಗಣ್ಣ ಏರಿಯ ಮೇಲೆ ಕುಸಿದು ಕೂತ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಚೈತ್ರ, ಬಿಂದು ಅವನ ಹತ್ತಿರ ಬಂದಿದ್ದರು. ಅವನ ಪ್ಯಾಂಟು ಒದ್ದೆಯಾಗಿತ್ತು. ಅದು ಕೆರೆಯ ನೀರಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಚೈತ್ರ ಹೆಗಲ ಮೇಲಿದ್ದ ಸ್ವೆಟರ್ ತೆಗೆದು ಅವನ ಸೊಂಟಕ್ಕೆ ಸುತ್ತಿ ತೋಳುಗಳನ್ನು ಗಂಟು ಹಾಕಿದಳು. ಬಿಂದು ಅಪ್ಪನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆನೆಯ ಮಾತು ಎತ್ತಲಿಲ್ಲ.

"ಅಪ್ಪ, ಬಂದ್ಯಾ?" ಎಂದಳು.

ನಾನು ಬೇರೆ ಕಡೆ ತಿರುಗಿ ನಿಂತೆ. ನನ್ನ ಚಪ್ಪಲಿಗಳು ಇನ್ನೂ ಕೈಯಲ್ಲೇ ಇದ್ದವು.

ಅದಾದ ಮೇಲೆ ಆ ಕಡೆ ಹೋದಾಗಲೆಲ್ಲ ಅವರ ಮನೆಗೆ ಹೋಗಿ ಬರುತ್ತೇನೆ. ಸ್ಪೀಕರ್ ಜೋಡಿಯನ್ನು ಅವತ್ತೇ ವಾಪಸ್ ತಂದೆ. ಶಬ್ದ ಕೂಡಿಡುವುದನ್ನು ಮೊದಲಿನಷ್ಟಕ್ಕೇ ಏರಿಸಿ ಸಿಡಿತ ನಿಲ್ಲಿಸಿದೆ. ಸರಕ್ ಎನ್ನುವುದು ಈಗ ಚೂರು ತಡವಾಗಿಯೇ ಬರುತ್ತದೆ. "ತಡವಾಗೇ ಬರ್ಲಿ ಬುಡಿ ಮೇಡಂ, ಪಟಾಕಿ ಮಾತ್ರ ಬೇಡ" ಎಂದ ಯೋಗಣ್ಣ. ಆಟ ಆಡುವುದು ಈಗ ಹೆಚ್ಚಾಗಿ ಬಿಂದು. ಮೂರನೇ ಪೊದೆ ಬಂದಾಗ ಅವನು ಅಡುಗೆಮನೆಯಿಂದಲೇ "ಹಾರು" ಎನ್ನುತ್ತಾನೆ. ಚೈತ್ರ ಪರೀಕ್ಷೆ ಮುಗಿದ ಮೇಲೂ ಆಲೂರಿಗೆ ಹೋಗಲಿಲ್ಲ, ಅವಳ ಅಮ್ಮನೇ ಬಂದು ಮಾವಿನಕಾಯಿ ಉಪ್ಪಿನಕಾಯಿ ಹಾಕಿಕೊಟ್ಟು ಹೋದಳು.

ಭಯ ಹೋಯಿತೇ ಎಂದರೆ, ಇಲ್ಲ. ಒಂದು ದಿನ ನೇರವಾಗಿ ಕೇಳಿದೆ. "ಎಲ್ಲಿಗೆ ಹೋಗುತ್ತೆ ಮೇಡಂ? ನಾನು ಎಲ್ಲಿಗೆ ಹೋಗ್ತೀನೋ ಅದೂ ಬರುತ್ತೆ" ಎಂದ. ದಿನಾ ಬಸ್ಸು ಬರುವುದಕ್ಕೆ ಬಹಳ ಮೊದಲೇ ಗೇಟಿನಲ್ಲಿ ಬಂದು ನಿಂತಿರುತ್ತಾನೆ. ದಾರಿಯಲ್ಲಿ ಅಷ್ಟು ಸಲ ನಿಂತು ನಿಂತು ಕೇಳಬೇಕಲ್ಲ, ಅದಕ್ಕೆ ಬೇಗ ಹೊರಡುತ್ತಾನೆ. ಈ ಸಲ ಹಣ್ಣು ಕೀಳಲು ಶುರುವಾದಾಗ ಮುಂದೆ ಯಾರು ಹೋಗುವುದೆಂಬ ಮಾತು ಬಂತಂತೆ. ಲೈನಿನ ಗಟ್ಟಿ ಹುಡುಗರ ಹೆಸರೆಲ್ಲ ಬಂತಂತೆ. ಮಾದಮ್ಮ ಕೋಲನ್ನು ನೆಲಕ್ಕೆ ಕುಟ್ಟಿ, "ಹೆದರ್ದಿರೋರು ಬೇಡ, ನಮ್ಮ ರೈಟ್ರೇ ಹೋಗ್ಲಿ" ಎಂದಳಂತೆ. ಉದ್ದದ ಕೂಗು ಹಾಕಲು ಈಗ ಅವನಿಗೆ ಮೊದಲಿಗಿಂತ ಎರಡರಷ್ಟು ಹೊತ್ತು ಬೇಕು. ಹೆಂಗಸರು ಗೊಣಗುತ್ತಾ ಕಾಯುತ್ತಾರೆ.

ಹೋದ ವಾರ ಬಸ್ಸು ಬರುವ ಹೊತ್ತಿಗೆ ನಾನೂ ಗೇಟಿನಲ್ಲಿದ್ದೆ. ಬಿಂದು ಇಳಿದು ಬಂದು ಬ್ಯಾಗನ್ನು ಅಪ್ಪನಿಗೆ ಕೊಟ್ಟು ಅವನ ಕೈ ಹಿಡಿದುಕೊಂಡಳು. ಆ ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳ ಬಳೆಯೂ ಅಲ್ಲಾಡುತ್ತಿತ್ತು. ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ.

"ಏನೇ ಬಿಂದು, ನಿಮ್ಮಪ್ಪನ ಕೈ ಇನ್ನೂ ನಡುಗ್ತಾ ಉಂಟಲ್ಲ?" ಎಂದೆ.

"ನಡುಗ್ಲಿ ಆಂಟಿ" ಎಂದಳು. "ನಡುಗ್ತಿದ್ರೆ ಅಪ್ಪ ಕೇಳಿಸ್ಕೊಳ್ತಾ ಇದಾರೆ ಅಂತ. ನಿಂತೋದ್ರೆ ನಂಗೆ ಭಯ ಆಗುತ್ತೆ."

ಯೋಗಣ್ಣ ನನ್ನ ಕಡೆ ನೋಡಲಿಲ್ಲ. ಅವನ ಕಿವಿ ತೋಟದ ಕಡೆಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮಗಳ ಕೈ ಹಿಡಿದುಕೊಂಡು ಮೇಲಿನ ದಾರಿಯಲ್ಲಿ ನಡೆದ.